ಕುದುರೆ ಹತ್ತುವ ಮೊದಲಿನ 15 ನಿಮಿಷ

ನಾನು ಮೈಸೂರಿನವನು, ಈಗ ಇರೋದು ಅಮೆರಿಕದ ಕೊಲರಾಡೊದಲ್ಲಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಅಂದರೆ ಊಟಿ, ಊಟಿ ಅಂದರೆ ಕೆರೆ ಪಕ್ಕದ ಕುದುರೆ ಸವಾರಿ. ಒಮ್ಮೆ ನನ್ನ ತಂಗಿ ಕೂತಿದ್ದ ಜೀನು ಪಕ್ಕಕ್ಕೆ ಜಾರಿತು. ಹಗ್ಗ ಹಿಡಿದಿದ್ದ ಕುದುರೆಯವರು ಅವಳು ನೆಲ ಮುಟ್ಟುವ ಮೊದಲೇ ಹಿಡಿದುಕೊಂಡರು. ಜೀನು ಯಾಕೆ ಜಾರಿತು ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಜೀನನ್ನು ಹಿಡಿದಿಡುವ ಹೊಟ್ಟೆಯ ಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಮೈ ಬಿಗಿ ಹಿಡಿದು ಉಬ್ಬಿಕೊಳ್ಳುತ್ತವೆ. ಸ್ವಲ್ಪ ನಡೆದರೆ ಪಟ್ಟಿ ಸಡಿಲ. ಅದಕ್ಕೇ ಇಲ್ಲಿನ ರಾಕಿ ಬೆಟ್ಟಗಳಲ್ಲಿ ಸವಾರಿ ಕರೆದೊಯ್ಯುವವರು ನಾವು ಹತ್ತುವ ಮುಂಚೆ ಪಟ್ಟಿಯನ್ನು ಮತ್ತೆ ಬಿಗಿಯುತ್ತಾರೆ. ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಮತ್ತೊಮ್ಮೆ ನೋಡುತ್ತಾರೆ. ಶೂಗೆ ಹಿಮ್ಮಡಿ ಇದೆಯಾ ಅಂತಲೂ ನೋಡುತ್ತಾರೆ. ಚಪ್ಪಲಿ ಆದರೆ ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಯೊಳಗೆ, ಪೂರ್ತಿ ತೂರಿಬಿಡುತ್ತದೆ. ಆಗ ಬಿದ್ದವರನ್ನು ಕುದುರೆ ಎಳೆದುಕೊಂಡು ಓಡಬಹುದು. ಬೀಳುವುದಕ್ಕಿಂತ ಇದು ಭಯಂಕರ.

ತೂಕವನ್ನೂ ಕೇಳುತ್ತಾರೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 20 ಶೇಕಡಾ ದಾಟಬಾರದು ಅನ್ನೋದು ರೂಢಿಯ ಲೆಕ್ಕ. ಅಂದರೆ 450 ಕೆಜಿಯ ಕುದುರೆ ಮೇಲೆ 90 ಕೆಜಿ. ಊಟಿಯ ಎಷ್ಟೋ ಕುದುರೆಗಳು ಅದಕ್ಕಿಂತ ಚಿಕ್ಕವು, ಅವುಗಳ ಮೇಲೆ ದೊಡ್ಡಾಳು ಕೂತು, ಮುಂದೆ ಮಗುವನ್ನೂ ಕೂರಿಸಿಕೊಂಡಿದ್ದನ್ನು ನೋಡಿದ್ದೇನೆ. ಈಗ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಇಲ್ಲಿ ಕಾನೂನು ಬಹಳ ಕಟ್ಟುನಿಟ್ಟು ಅಂದುಕೊಳ್ಳಬೇಡಿ. ಸವಾರಿಯ ಸಹಜ ಅಪಾಯಗಳಿಗೆ ಮಾಲೀಕರು ಹೊಣೆಯಲ್ಲ ಅಂತ ಕೊಲರಾಡೊ ಕಾನೂನೇ ಹೇಳುತ್ತದೆ. ಲಾಯದ ಮುಂದೆ ಆ ಬೋರ್ಡ್ ಇರುತ್ತದೆ. ಆದರೆ ಹಾಳಾದ ಜೀನು ಅಂತ ಗೊತ್ತಿದ್ದೂ ಕೊಟ್ಟರೆ, ಸವಾರನಿಗೆ ಎಷ್ಟು ಬರುತ್ತದೆ ಅಂತ ವಿಚಾರಿಸದೆ ಕುದುರೆ ಕೊಟ್ಟರೆ, ಆ ರಕ್ಷಣೆ ಸಿಗುವುದಿಲ್ಲ. ‘ಮೊದಲು ಸವಾರಿ ಮಾಡಿದ್ದೀರಾ?’ ಅನ್ನೋ ಪ್ರಶ್ನೆಯನ್ನು ಸುಮ್ನೆ ಕೇಳುವುದಲ್ಲ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ನನಗೆ ಬೇಸರವಿದೆ. ದೊಡ್ಡವರು ಬೇಡ ಅಂದರೆ ಹಲವು ಕಡೆ ಬಿಟ್ಟುಬಿಡುತ್ತಾರೆ. ತಲೆ ಎಲ್ಲರದ್ದೂ ಒಂದೇ ಅಲ್ವಾ?

ದಾರಿಯಲ್ಲಿ ಕರೆದೊಯ್ಯುವವರು ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ನಾವು ಏಳೆಂಟು ಜನ. ಕುದುರೆಗೆ ಗುಂಪು ಬಿಟ್ಟು ಇರೋದು ಆಗುವುದಿಲ್ಲ. ಮುಂದಿನವರು ಹಳ್ಳ ದಾಟಿ ಹೊರಟುಬಿಟ್ಟರೆ ಹಿಂದೆ ಉಳಿದದ್ದು ನೀರಲ್ಲೇ ಓಡಲು ನೋಡುತ್ತದೆ. ಹಾಗಾಗಿ ಕೊನೆಯ ಕುದುರೆ ದಾಟುವವರೆಗೂ ಎಲ್ಲರೂ ಆಚೆ ದಡದಲ್ಲಿ ನಿಲ್ಲಬೇಕು. ಹೊಸಬರಿದ್ದರೆ ಓಟವೇ ಇಲ್ಲ, ಬರೀ ನಡಿಗೆ.

ಆದರೂ ಐದು ವರ್ಷದ ಮಗುವಿಗೆ ನಮ್ಮ ಊಟಿಯ ರೀತಿಯೇ ಒಳ್ಳೆಯದು ಅನ್ನುತ್ತೇನೆ. ಸಾಲಿನ ನಡುವಿನ ಕುದುರೆ ಬೆದರಿದರೆ ಇಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಹಗ್ಗ ಹಿಡಿದು ಪಕ್ಕದಲ್ಲೇ ನಡೆಯುವ ಮನುಷ್ಯ ಇರುತ್ತಾರೆ. ಅವರಿಗೆ ಕುದುರೆಯ ಕಿವಿ ತಿರುಗಿದ್ದೂ ಗೊತ್ತಾಗುತ್ತದೆ. ನನ್ನ ತಂಗಿಯನ್ನು ಉಳಿಸಿದ್ದು ಅದೇ. ಅವರಿಗೆ ಕುದುರೆ ಗೊತ್ತಿಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೊಂದರೆ ಇರೋದು ದುಡ್ಡಿನ ಲೆಕ್ಕದಲ್ಲಿ. ಅಲ್ಲಿ ಸುತ್ತಿಗಿಷ್ಟು ಅಂತ ಕೂಲಿ. ಒಂದು ಸುತ್ತು ಬೇಗ ಮುಗಿದರೆ ಇನ್ನೊಂದು ಸಿಗುತ್ತದೆ. ಇಲ್ಲಿ ಗಂಟೆಗೆ ಬುಕಿಂಗ್. ತಯಾರಿಯ ಆ 15 ನಿಮಿಷದ ದುಡ್ಡನ್ನೂ ನಾವೇ ಕೊಟ್ಟಿರುತ್ತೇವೆ.

ಹೋದ ಸಲ ಊಟಿಗೆ ಹೋದಾಗ ತಂಗಿಯ ಮಗಳಿಗೆ ಹೆಲ್ಮೆಟ್ ಇಲ್ಲಿಂದಲೇ ಒಯ್ದಿದ್ದೆ. ಕುದುರೆಯವರಿಗೆ ಎರಡು ಸುತ್ತಿನ ದುಡ್ಡು ಮೊದಲೇ ಕೊಟ್ಟೆ. ‘ಅಣ್ಣಾ, ಒಂದೇ ಸುತ್ತು ಸಾಕು, ನಿಧಾನ ಹೋಗೋಣ. ಸ್ವಲ್ಪ ನಡೆಸಿ ಪಟ್ಟಿ ಇನ್ನೊಂದ್ಸಲ ನೋಡಿ’ ಅಂದೆ. ಅವರು ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, ಒಂದು ತೂತು ಬಿಗಿ ಮಾಡಿದರು.