ಆಷಾಢಕ್ಕೊಂದು ಕಾದಂಬರಿ

ಕಥೆ ಹೇಗೋ ಸಿಗುತ್ತದೆ. ಅದನ್ನು ಬರೆಯೋಕೆ ಖಾಲಿ ತಿಂಗಳು ಸಿಗೋದೇ ಕಷ್ಟ, ಅದೂ ನಮ್ಮ ಗಂಗಾವತಿಯಂಥ ಊರಲ್ಲಿ.

ಒಂದೇ ತಿಂಗಳಲ್ಲಿ ಕಾದಂಬರಿಯ ಮೊದಲ ಕರಡು ಮುಗಿಸುವ ಹುಚ್ಚನ್ನು 1999ರಲ್ಲಿ ಶುರು ಮಾಡಿದವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯವರು. ಕ್ರಿಸ್ ಬೇಟಿ ಅನ್ನೋರು, ಅವರ ಗೆಳೆಯರು, ಎಲ್ಲ ಸೇರಿ 21 ಜನ. 30 ದಿನಕ್ಕೆ 50,000 ಪದ, ಅಂದರೆ ದಿನಕ್ಕೆ 1,667. ಮರುವರ್ಷ ಇದನ್ನು ನವೆಂಬರಿಗೆ ಹಾಕಿಕೊಂಡರು. ಅಲ್ಲಿ ಆಗ ಹವೆ ಕೆಟ್ಟಿರುತ್ತದೆ, ಜನ ಮನೆಯಲ್ಲೇ ಕೂತಿರುತ್ತಾರೆ ಅನ್ನೋ ಲೆಕ್ಕ. ಇದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ನನಗೆ ಹುಚ್ಚು ಹಿಡಿದದ್ದು ಈಗ.

ನಮ್ಮ ಕಡೆ ನವೆಂಬರಿನಲ್ಲಿ ಯಾರು ಮನೆಯಲ್ಲಿ ಕೂರುತ್ತಾರೆ? ಒಂದನೇ ತಾರೀಕಿಗೇ ರಾಜ್ಯೋತ್ಸವ, ಆಮೇಲೆ ತಿಂಗಳಿಡೀ ಓಣಿಗೊಂದು ಮೈಕು. ಅಷ್ಟು ಕನ್ನಡಾಭಿಮಾನದ ನಡುವೆ ಕನ್ನಡ ಬರೆಯೋದು ಆಗದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಭತ್ತ ಕೊಯ್ಲಿಗೆ ಬಂದಿರುತ್ತದೆ. ಹೊಲದಲ್ಲಿ ಮಷೀನು, ರಸ್ತೆ ಮೇಲೆ ಭತ್ತ, ಕಣ್ಣಲ್ಲಿ ಧೂಳು. ತುಳಸಿ ಲಗ್ನ ಆಯಿತೋ, ಮನುಷ್ಯರ ಲಗ್ನ ಶುರು. ಜನವರಿಗೆ ಕೊಪ್ಪಳದ ಗವಿಮಠದ ಜಾತ್ರೆ. ಹೋಗದೆ ಇರೋಕಾಗಲ್ಲ, ಹೋದರೆ ಬೇಗ ಬರೋಕಾಗಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಬೆವರು ಒರೆಸಿಕೊಂಡರೆ ಸಾಕು, ಅದೇ ಸಾಹಿತ್ಯ ಸೇವೆ.

ಉಳಿದದ್ದು ಆಷಾಢ. ಮಣ್ಣೆತ್ತಿನ ಅಮಾವಾಸ್ಯೆಯಿಂದ ನಾಗರ ಅಮಾವಾಸ್ಯೆವರೆಗೆ ಲಗ್ನ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಕಾರ್ಡು ಹಿಡಿದು ಬಾಗಿಲಿಗೆ ಬರಲ್ಲ. ನಡುವೆ ಕಡ್ಲಿಗಡಬಿನ ಹುಣ್ಣಿಮೆ ಬರುತ್ತದೆ, ಅವತ್ತು ರಜೆ. ಅಂದಹಾಗೆ, ಆ 21 ಜನ ಮೊದಲ ಸಲ ಬರೆದದ್ದೂ ಜುಲೈನಲ್ಲೇ. ಅವರಿಗೆ ಪಂಚಾಂಗ ಯಾರು ತೋರಿಸಿದರೋ!

ತಯಾರಿ ನಡೆದಿದೆ. ಕನ್ನಡದಲ್ಲಿ ಪದ ಎಣಿಸಿದರೆ ನಮಗೇ ನಷ್ಟ, ಮೂರು ನಾಲ್ಕು ಅಂಟಿಕೊಂಡು ಒಂದಾಗಿರುತ್ತವೆ. ಅದಕ್ಕೆ ದಿನಕ್ಕೆ ಐದು ಪುಟ ಅಂತ ಇಟ್ಟುಕೊಂಡಿದ್ದೇನೆ. ಹೆಸರುಗಳದ್ದೇ ದೊಡ್ಡ ತಲೆನೋವು. ನಾಯಕಿಗೆ ಹುಲಿಗೆಮ್ಮ ಅಂತಿಟ್ಟೆ. ಈ ಭಾಗದಲ್ಲಿ ಆ ಹೆಸರಿನವರು ಓಣಿಗೆ ಒಬ್ಬರಾದರೂ ಇದ್ದಾರೆ. ನಾಳೆ ಎಲ್ಲರೂ "ನನ್ನ ಮ್ಯಾಲೆ ಬರದೀಯಂತಲ್ಲ" ಅಂತ ಬಂದರೆ? ಬರಲಿ ಬಿಡಿ, ಓದಿದಂತಾಯಿತು.

ಈ ಹುಲಿಗೆಮ್ಮ ಅಕ್ಕಿ ಗಿರಣಿಯಲ್ಲಿ ಕೂಲಿ. ಅಂಗಳದಲ್ಲಿ ಹರವಿದ ಭತ್ತವನ್ನು ಕಾಲಲ್ಲೇ ಸಾಲು ಸಾಲಾಗಿ ಕೆದಕುತ್ತಾ ನಡೆಯುತ್ತಾಳೆ. ಅವಳ ಸೊಂಟದ ಸಂಚಿಯೊಳಗೆ ಏನೇನಿದೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆದಿದ್ದೇನೆ. ಹಸಿ ಬಟ್ಟೆಯಲ್ಲಿ ಸುತ್ತಿದ ಎಲೆ, ಗೋಟು ಅಡಿಕೆ. ಸುಣ್ಣದ ಡಬ್ಬಿಯ ಮುಚ್ಚಳ ಸಡಿಲ, ಅದಕ್ಕೊಂದು ರಬ್ಬರ್ ಬ್ಯಾಂಡು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಅದರಲ್ಲಿ ಏನು ಬರೆದಿದೆ ಅಂತ ನಾನಿನ್ನೂ ಬಿಚ್ಚಿ ನೋಡಿಲ್ಲ. ಈಗಲೇ ನೋಡಿಬಿಟ್ಟರೆ ಐದು ಪುಟ ತುಂಬಿಸೋದು ಯಾವುದರಿಂದ? ಕೊನೇ ಅಧ್ಯಾಯದವರೆಗೂ ಕಥೆಯ ನಕ್ಷೆ ಹಾಕಿಕೊಂಡೇ ಬರೆಯೋಕೆ ಕೂರುವವರಿದ್ದಾರೆ. ಅವರ ಮೇಲೆ ಗೌರವ ಇದೆ, ಹೊಟ್ಟೆಕಿಚ್ಚಿಲ್ಲ.

ಒಂದೇ ಒಂದು ತಕರಾರು ಬಂದದ್ದು ಅವ್ವನಿಂದ.

"ಆಷಾಢದಾಗ ಯಾರರ ಹೊಸಾ ಕೆಲಸ ಹಿಡೀತಾರೇನು?"

"ಅವ್ವ, ಇದೇನು ಲಗ್ನಾನಾ? ಸುಮ್ನೆ ಕಾದಂಬರಿ."

ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾರ ಅಮಾಸಿ ದಿನಾನ ಒಂದ್ ಸಾಲು ಬರದಿಡು. ಮರುದಿನದಿಂದ ಅದು ಹಳೇ ಕೆಲಸ. ಮುಂದುವರಸಾಕ ಆಷಾಢ ಏನ್ ಮಾಡ್ತತಿ?"

ಇಂಥ ದಾರಿ ಆ 21 ಜನರಿಗೂ ಹೊಳೆದಿರಲಿಕ್ಕಿಲ್ಲ. ಮಣ್ಣೆತ್ತು ಪೂಜೆ ಮುಗಿಸಿ, ಕಡುಬು ಉಂಡು, ನಿದ್ದೆ ಬರುವುದರೊಳಗೆ ಆ ಒಂದು ಸಾಲು ಬರೆಯಬೇಕು. ಯಾಕೋ ಅದೇ ಕಷ್ಟ ಅನ್ನಿಸುತ್ತಿದೆ.