ಚಪ್ಪಲಿ ಬಿಟ್ಟು ಬನ್ನಿ, ಸಾರ್

ನಮ್ಮ ಮಾವ ರೇಷ್ಮೆ ಹುಳು ಸಾಕುವ ಹುಳು ಮನೆಯ ಬಾಗಿಲಲ್ಲಿ ಒಂದು ಗೋಣಿಚೀಲ ಇದೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿಟ್ಟದ್ದು. ಚಪ್ಪಲಿ ಹೊರಗೆ ಬಿಟ್ಟು, ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಹಿಂದಿನ ಬೆಳೆಯಲ್ಲಿ ಒಂದು ದಿನ ಆ ಗೋಣಿಚೀಲವನ್ನು 37 ಜನ ದಾಟಿದರು. ನಾನೇ ಎಣಿಸಿದೆ. ತುಳಿದದ್ದು ಒಬ್ಬರು. ಅದೂ ಎಡವಿ.

ಬಂದವರು ಸುಮ್ನೆ ಬಂದವರಲ್ಲ. 'ವರ್ತನಾ ವಿಜ್ಞಾನದ ಮೂಲಕ ಜೈವಿಕ ಸುರಕ್ಷತೆ' ಅಂತ ಬ್ಯಾನರ್ ಹಿಡಿದು ಬಂದವರು. ಅಂದ್ರೆ ರೇಷ್ಮೆ ರೈತ ಹುಳು ಮನೆಗೆ ರೋಗ ಹೊತ್ತು ತರದ ಹಾಗೆ ಅವನ ನಡವಳಿಕೆ ತಿದ್ದುವ ಕಾರ್ಯಕ್ರಮ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಅವತ್ತು ಅವರಿಗೆ ನಮ್ಮದು ನಾಲ್ಕನೇ ಮನೆ. ಮೂರನೇ ಮನೆಯಲ್ಲಿ ಹಾಲುತೊಂಡೆ ಅನ್ನೋ ಅಂಟುರೋಗ ಬಂದು ಹುಳು ಸಾಯುತ್ತಿದ್ದವಂತೆ. "ತುಂಬಾ ಒಳ್ಳೆ ಕೇಸ್ ಸಿಕ್ತು" ಅಂತ ಒಬ್ಬರು ಖುಷಿಯಿಂದ ಹೇಳಿದರು. ಅದನ್ನು ಹೇಳುವಾಗ ಅವರು ಅದೇ ಶೂನಲ್ಲಿ, ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ನಮ್ಮ ಹುಳುಗಳ ಮುಂದೆ ನಿಂತಿದ್ದರು.

ಮಾವ ಯಾಕೆ ತಡೆಯಲಿಲ್ಲ ಅಂತೀರಾ? ಮನೆಗೆ ಬಂದವರನ್ನು, ಅದರಲ್ಲೂ ಜೀಪಲ್ಲಿ ಬಂದವರನ್ನು, "ಹೊರಗೇ ನಿಲ್ಲಿ" ಅನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮಾವ ಹೇಳಿದ್ದು ಇಷ್ಟು: "ಚಪ್ಪಲಿ... ಪರವಾಗಿಲ್ಲ, ಬನ್ನಿ ಸಾರ್." ಇಡೀ ವರ್ತನಾ ವಿಜ್ಞಾನ ಆ ನುಂಗಿಕೊಂಡ ಮಾತಿನಲ್ಲಿತ್ತು. ಯಾರೂ ಬರೆದುಕೊಳ್ಳಲಿಲ್ಲ.

ಆಮೇಲೆ ಗೋಡೆ ಮೇಲೆ ಚಿತ್ರ ಬಿಟ್ಟು ಪಾಠ ಶುರುವಾಯ್ತು. ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣದಲ್ಲಿ ಗಂಡಸರು ಮೂತ್ರ ಮಾಡುವ ಬೋಗುಣಿಯೊಳಗೆ ಒಂದು ನೊಣದ ಚಿತ್ರ ಇದೆಯಂತೆ. ಗಂಡಸರು ಅದಕ್ಕೇ ಗುರಿ ಇಡುತ್ತಾರೆ. ನೆಲ ಗಲೀಜಾಗುವುದು ತಪ್ಪುತ್ತೆ. ಬೈಯದೆ, ದಂಡ ಹಾಕದೆ, ಮೊಣಕೈಯಲ್ಲಿ ಮೆಲ್ಲಗೆ ತಿವಿದ ಹಾಗೆ ಜನರನ್ನು ದಾರಿಗೆ ತರುವುದು. ಇಂಥ ವಿಚಾರ ಬೆಳೆಸಿದ ರಿಚರ್ಡ್ ಥೇಲರ್ ಅನ್ನುವವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ವಿಚಾರ ಒಳ್ಳೇದೇ, ನನಗೇನೂ ತಕರಾರಿಲ್ಲ.

ಆದರೆ ನೊಣ ಅಂದ ಕೂಡಲೇ ಹಿಂದೆ ಕೂತಿದ್ದ ರೈತರೆಲ್ಲ ತಿರುಗಿ ಕಿಟಕಿ ನೋಡಿದರು.

ನಮ್ಮ ಕಡೆ ನೊಣ ಅಂದ್ರೆ ಒಂದೇ, ಊಜಿ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದಿಳಿಯಿತು. ಆಗ ಚಿಕ್ಕಬಳ್ಳಾಪುರ ಜಿಲ್ಲೆಯೇ ಇರಲಿಲ್ಲ, ನಾವೆಲ್ಲ ಕೋಲಾರದವರು. 2007ರಲ್ಲಿ ಜಿಲ್ಲೆ ಎರಡಾಯ್ತು, ನೊಣ ಎರಡೂ ಕಡೆ ಉಳಿಯಿತು. ಹುಳುವಿನ ಮೈಮೇಲೆ ಸೂಜಿಮೊನೆಯಷ್ಟು ಬಿಳಿ ಮೊಟ್ಟೆ ಇಟ್ಟು ಹೋಗುತ್ತೆ. ಮರಿ ಒಳಗೆ ಹೊಕ್ಕು ತಿನ್ನುತ್ತೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಮಚ್ಚೆ, ಅಷ್ಟೇ ಗುರುತು. ಕೆಲವು ಹುಳು ಪಾಪ ಆ ಸ್ಥಿತಿಯಲ್ಲೂ ಗೂಡು ಕಟ್ಟುತ್ತವೆ. ಆಗ ಮರಿ ಗೂಡು ಕೊರೆದುಕೊಂಡು ಆಚೆ ಬರುತ್ತೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚೋಕಾಗಲ್ಲ. ಅವತ್ತು ಬಂಗಾಳದಿಂದ ಗೂಡು ತರಿಸಿದವರನ್ನು ಯಾರೂ ಮೆಲ್ಲಗೆ ತಿವಿಯಲಿಲ್ಲ ಅಂತ ಕಾಣುತ್ತೆ.

ಇಷ್ಟಕ್ಕೂ ರೈತರು ಕಿಟಕಿ ನೋಡಿದ್ದು ಯಾಕೆ ಅಂದ್ರೆ, ಫೋಟೋಗೆ ಬೆಳಕು ಸಾಲದು ಅಂತ ಅದರ ನೈಲಾನ್ ಪರದೆಯನ್ನು ಎತ್ತಿ ಮೊಳೆಗೆ ಸಿಕ್ಕಿಸಿದ್ದರು.

ಕೊನೆಗೆ ನಮಗೆ ಸಿಕ್ಕ ತಿವಿತ ಏನಪ್ಪಾ ಅಂದ್ರೆ ಸ್ಟಿಕ್ಕರ್. ಹಸಿರು ಬಣ್ಣದ ಎರಡು ಹೆಜ್ಜೆ. ಬಾಗಿಲ ಮುಂದೆ ಅಂಟಿಸಿದರೆ ಬಂದವರು ತಾವಾಗೇ ಅಲ್ಲಿ ಕಾಲಿಟ್ಟು ಔಷಧಿ ತುಳಿದು ಹೋಗ್ತಾರಂತೆ. ಅಂಟಿಸೋಕೆ ಒಣಗಿದ ಜಾಗ ಬೇಕಲ್ಲ, ಗೋಣಿಚೀಲ ಎತ್ತಿ ಪಕ್ಕಕ್ಕೆ ಎಸೆದರು. ಚಪ್ಪಾಳೆ ಬಿತ್ತು.

ನಮ್ಮಜ್ಜಿ ಇದ್ದಾಗ ಇಷ್ಟೆಲ್ಲ ಇರಲಿಲ್ಲ. ಹುಳು ಎರಡನೇ ಜ್ವರ ದಾಟಿತು ಅಂದ್ರೆ ಹೊರಗಿನವರು ಜಗಲಿ ಮೇಲೆ. ಸ್ವಂತ ಅಳಿಯ ಬಂದರೂ ಜಗಲಿ ಮೇಲೆ. "ಹುಳಕ್ಕೆ ದೃಷ್ಟಿ ಆಗುತ್ತಪ್ಪಾ" ಅನ್ನೋರು. ನಿನ್ನ ಕಾಲು ಕೊಳಕು ಅಂದಿದ್ದರೆ ಜಗಳವೇ ಆಗ್ತಿತ್ತು. ದೃಷ್ಟಿ ಅಂದ್ರೆ ಬಂದವರೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾಳೆ ಬೆಳೆ ಹೋದರೆ ಇವನ ಕಣ್ಣೇ ತಾಗಿದ್ದು ಅನ್ನಿಸಿಕೊಳ್ಳೋಕೆ ಯಾರಿಗೆ ತಾನೇ ಇಷ್ಟ? ಮುಟ್ಟಾದ ಹೆಂಗಸರನ್ನೂ ಅಜ್ಜಿ ಇದೇ ಲೆಕ್ಕದಲ್ಲಿ ಹೊರಗಿಡುತ್ತಿದ್ದರು. ಅದನ್ನು ಹೊಗಳಲಾರೆ. ಆದರೆ ಶೂ ಹಾಕಿಕೊಂಡು ಒಳಗೆ ಹೋದವರು ಅವರ ಕಾಲದಲ್ಲಿ ಒಬ್ಬರೂ ಇಲ್ಲ.

ಆ ಬೆಳೆಯಲ್ಲಿ ಚಂದ್ರಿಕೆಯಿಂದ, ಅಂದ್ರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ಗೂಡು ಬಿಡಿಸುವಾಗ ತೂತು ಬಿದ್ದದ್ದೇ ಒಂದು ಬುಟ್ಟಿ ಆಯ್ತು. ಅತ್ತೆ ಏನೂ ಮಾತಾಡಲಿಲ್ಲ. ಬುಟ್ಟಿಯನ್ನು ಮಾವನ ಮುಂದೆ ಇಟ್ಟು ಒಳಗೆ ಹೋದರು, ಅಷ್ಟೇ.

ಮುಂದಿನ ಬೆಳೆಗೆ ಮತ್ತೆ ಜೀಪು ಬಂತು. ಸ್ಟಿಕ್ಕರ್ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ. ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ಎದುರಿಗೆ ಬಂದರು. "ಹುಳಕ್ಕೆ ದೃಷ್ಟಿ ಆಗಿದೆ ಸಾರ್. ಮಂತ್ರಿಸಿ ಕಟ್ಟಿದ್ದಾರೆ. ಈಗ ಒಳಗೆ ಹೋದರೆ ಹೋದವರಿಗೂ ಒಳ್ಳೇದಲ್ಲವಂತೆ."

ವಿಜ್ಞಾನಿಗಳು ಮುಖ ಮುಖ ನೋಡಿಕೊಂಡರು. ಜಗಲಿ ಮೇಲೆ ಕೂತು ಕಾಫಿ ಕುಡಿದರು. ಗೋಣಿಚೀಲದ ಹತ್ತಿರಕ್ಕೂ ಒಬ್ಬರು ಹೋಗಲಿಲ್ಲ. ಹೊರಡುವಾಗ ಒಬ್ಬರು ದೂರದಿಂದಲೇ ಸ್ಟಿಕ್ಕರಿನ ಫೋಟೋ ತೆಗೆದುಕೊಂಡು, ಹಾಳೆಯಲ್ಲಿ ಬರೆದರು: ಹೆಜ್ಜೆ ಗುರುತು ಅಂಟಿಸಿದ ಮೇಲೆ ಈ ಮನೆಗೆ ಹೊರಗಿನವರ ಪ್ರವೇಶ ಪೂರ್ತಿ ನಿಂತಿದೆ.