ನನ್ನ ಆಫರ್ ಲೆಟರ್ ನಿಮಗೆ ಯಾಕೆ ಕೊಡಬೇಕು?

ನಾನೇ ಅಲೆದು ಹುಡುಕಿಕೊಂಡ ಕೆಲಸ ಕಾಲೇಜಿನ ಲೆಕ್ಕಕ್ಕೆ ಹೇಗೆ ಸೇರುತ್ತದೆ? ಯಾರಾದರೂ ಹೇಳಿ. ಮಧ್ಯಾಹ್ನದಿಂದ ತಲೆ ಕೆಟ್ಟುಹೋಗಿದೆ.

ಊಟಕ್ಕೆ ಕೂತಿದ್ದೆ, ನಾನು ಓದಿದ ಮಂಡ್ಯದ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಸರ್ ಫೋನ್. "ಏನಮ್ಮ, ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸವಂತೆ, ಭಾರಿ ಖುಷಿ. ಆಫರ್ ಲೆಟರ್ ಪಿಡಿಎಫ್ ಮಾಡಿ, ಐಡಿ ಕಾರ್ಡ್ ಹಾಕ್ಕೊಂಡಿರೋ ಫೋಟೊ ಜೊತೆ ಕಳಿಸಮ್ಮ. ನ್ಯಾಕ್‌ಗೆ ಬೇಕು, ಅರ್ಜೆಂಟು." ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. ಇಷ್ಟೇ ಅವರ ಮಾತು. ಕೆಲಸ ಹೇಗಿದೆ ಅಂತಲೂ ಕೇಳಲಿಲ್ಲ. ನನ್ನ ಮುಖ ಅವರಿಗೆ ನೆನಪಿಲ್ಲ ಅಂತ ಕಾಣುತ್ತದೆ. ನನಗೆ ಅವರ ಒಂದೊಂದು ಮಾತೂ ನೆನಪಿದೆ.

ಫೈನಲ್ ಇಯರ್ ಕ್ಯಾಂಪಸ್ ಡ್ರೈವ್ ದಿನ. ಸೆಮಿನಾರ್ ಹಾಲ್. ಕೆಲಸಕ್ಕೆ ಆಯ್ಕೆ ಮಾಡಲು ಬೆಂಗಳೂರಿನ ಕಂಪನಿಯಿಂದ ಇಬ್ಬರು ಬಂದಿದ್ದರು. ನನ್ನ ಸರದಿ ಬಂತು, ಎದ್ದು ನಿಂತೆ. ಅವರು ಇನ್ನೂ ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿರಲಿಲ್ಲ. ನಮ್ಮ ಸರ್ ಮೈಕ್ ಎತ್ತಿಕೊಂಡು, "ಇವಳು ಹಳ್ಳಿ ಕಡೆ ಹುಡುಗಿ ಸರ್, ಮನೇಲಿ ಬೆಂಗಳೂರಿಗೆ ಕಳಿಸಲ್ಲ. ಕಳಿಸಿದ್ರೂ ಮದುವೆ ಗೊತ್ತಾದ ತಕ್ಷಣ ಬಿಟ್ಟುಬಿಡ್ತಾಳೆ. ನೆಕ್ಸ್ಟ್ ನೋಡಿ" ಅಂದರು. ಮೈಕ್‌ನಲ್ಲಿ! ಹಿಂದಿನ ಸಾಲಿನವರಿಗೂ ಕೇಳಿಸಿತು. ಕೆಲವರು ನಕ್ಕರು. ನಾನು ಕೂರಬೇಕೋ ನಿಲ್ಲಬೇಕೋ ಗೊತ್ತಾಗದೆ ಹಾಗೇ ನಿಂತಿದ್ದೆ. ಕಟ್ಟಿನಿಂದ ನನ್ನ ರೆಸ್ಯೂಮೆ ಎಳೆದರು, ಪಿನ್ನಿಗೆ ಸಿಕ್ಕಿ ಮೂಲೆ ಹರಿಯಿತು, ಪಾಸ್‌ಪೋರ್ಟ್ ಸೈಜ್ ಫೋಟೊ ಅರ್ಧ ಕಿತ್ತುಬಂತು. ಅದನ್ನೇ ಕೈಗೆ ಕೊಟ್ಟು, "ಇಟ್ಕೊಮ್ಮ, ಬ್ಯಾಂಕ್ ಎಕ್ಸಾಮ್‌ಗೆ ಬೇಕಾಗುತ್ತೆ" ಅಂದರು.

ನಮ್ಮಪ್ಪ ಕಳಿಸಲ್ಲ ಅಂತ ಇವರಿಗೆ ಯಾರು ಹೇಳಿದ್ದು? ಹಿಂದಿನ ರಾತ್ರಿ ಅಪ್ಪನೇ ಮದ್ದೂರಿನಲ್ಲಿ ಆ ರೆಸ್ಯೂಮೆ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ನನ್ನ ಮದುವೆ ವಿಷಯ ನಮ್ಮ ಮನೆಯಲ್ಲೇ ಯಾರೂ ಎತ್ತಿರಲಿಲ್ಲ.

ಇಷ್ಟಾದ ಮೇಲೆ ಫೋಟೊ. "ಎಲ್ಲರೂ ಬನ್ನಿ, ಜಿಯೋಟ್ಯಾಗ್ ಫೋಟೊ ಬೇಕು" ಅಂತ ಕರೆದರು, ಅಂದರೆ ತೆಗೆದ ಜಾಗದ ಗುರುತೂ ದಾಖಲಾಗುವ ಫೋಟೊ. ಬ್ಯಾನರ್‌ನ ಒಂದು ತುದಿ ನನ್ನ ಕೈಗೇ ಕೊಟ್ಟರು. ನಾನು ಹಿಡಿದುಕೊಂಡೆ. ಆ ಫೋಟೊ ಇವತ್ತಿಗೂ ಕಾಲೇಜಿನ ಫೈಲ್‌ನಲ್ಲಿದೆ, ಉದ್ಯೋಗ ಮಾರ್ಗದರ್ಶನ ಪಡೆದ ವಿದ್ಯಾರ್ಥಿನಿಯರು ಅಂತ.

ನ್ಯಾಕ್‌ನ ಐದನೇ ಮಾನದಂಡದಲ್ಲಿ ಇದೆಲ್ಲ ಕೇಳುತ್ತಾರೆ. ಕಳೆದ 5 ವರ್ಷದಲ್ಲಿ ಪಾಸಾದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು ಅಂತ. ಆ ಕೆಲಸ ಕೊಡಿಸಿದ್ದು ಯಾರು ಅಂತ ಕೇಳುತ್ತಾರಾ?

ಮಾರ್ಗದರ್ಶನ ಅಂತೆ! ಒಂದು ಪಿಪಿಟಿ ತೋರಿಸಿದರು, ಹಾಜರಿ ಹಾಳೆಗೆ ಸೈನ್ ಹಾಕಿಸಿಕೊಂಡರು, ಕಳಿಸಿದರು. ಸಿಟಿಸಿ, ಅಂದರೆ ನಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು ಬೇರೆ, ಕೈಗೆ ಬರುವ ಸಂಬಳ ಬೇರೆ ಅಂತ ಒಬ್ಬರೂ ಹೇಳಲಿಲ್ಲ. ಮೊದಲ ತಿಂಗಳು ಬೇಸಿಕ್‌ನಲ್ಲಿ 12 ಪರ್ಸೆಂಟ್ ಪಿಎಫ್ ಹಿಡಿದಾಗ ಮೋಸ ಮಾಡಿದ್ದಾರೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ನಾನು. ಡಿಗ್ರಿ ಮುಗಿದು 6 ತಿಂಗಳು ಕೆಲಸ ಇಲ್ಲದಿದ್ದರೆ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3000 ರೂಪಾಯಿ ಬರುತ್ತದೆ ಅಂತ ಹೇಳಿದ್ದು ಸೈಬರ್ ಸೆಂಟರ್ ಅಣ್ಣ, ಇವರಲ್ಲ. ಶ್ರೀರಂಗಪಟ್ಟಣದ ನನ್ನ ಗೆಳತಿ ರಾತ್ರಿ ಪಾಳಿ ಅಂತ ಹೆದರಿ ಒಳ್ಳೆ ಫ್ಯಾಕ್ಟರಿ ಕೆಲಸ ಬಿಟ್ಟಳು. ಕರ್ನಾಟಕದಲ್ಲಿ 2019ರಲ್ಲಿ ಹೆಂಗಸರಿಗೆ ಫ್ಯಾಕ್ಟರಿ ರಾತ್ರಿ ಪಾಳಿಗೆ ಅನುಮತಿ ಕೊಟ್ಟಾಗಲೇ ಗಾಡಿ ವ್ಯವಸ್ಥೆ ಫ್ಯಾಕ್ಟರಿಯವರೇ ಮಾಡಬೇಕು ಅಂತ ಷರತ್ತು ಹಾಕಿದ್ದರು. ಅದೊಂದು ಮಾತು ಗೊತ್ತಿದ್ದರೆ ಅವಳು ಧೈರ್ಯವಾಗಿ ಕೇಳುತ್ತಿದ್ದಳು.

ಅಮ್ಮ ಹೇಳುತ್ತಿದ್ದಾರೆ, "ಕೊಟ್ಟುಬಿಡು ಮಗ, ನಿನ್ನ ಗಂಟೇನು ಹೋಗುತ್ತೆ" ಅಂತ. ಅದೂ ನಿಜ. ನ್ಯಾಕ್‌ನಲ್ಲಿ ಕಾಲೇಜು ಹಿಂದೆ ಬಿದ್ದರೆ ಪೆಟ್ಟು ಬೀಳುವುದು ಆ ಸರ್‌ಗಲ್ಲ, ನಮ್ಮ ಹಿಂದೆ ಬರುವ ಹುಡುಗಿಯರಿಗೆ. ಪಾಂಡವಪುರದಿಂದ, ಕೆರಗೋಡಿನಿಂದ ಶಕ್ತಿ ಬಸ್ಸಿನಲ್ಲಿ ನಿಂತುಕೊಂಡೇ ಮಂಡ್ಯಕ್ಕೆ ಬಂದು ಓದುವ ಮಕ್ಕಳು. ಆ ಕಾಲೇಜು ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಪಿಯುಸಿಗೇ ಓದು ನಿಲ್ಲುತ್ತಿತ್ತು. ಹೋಗಲಿ, ಕಳಿಸಿಬಿಡೋಣ ಅಂತ ಪಿಡಿಎಫ್ ತೆಗೆದೆ. ತೆಗೆದ ಕೂಡಲೇ ಆ ಮೈಕ್ ಜ್ಞಾಪಕಕ್ಕೆ ಬಂತು. ಆಗಲ್ಲ. ನನ್ನ ಕೈಲಿ ಆಗಲ್ಲ.

ಪ್ರಿನ್ಸಿಪಾಲರಾದರೂ ಉತ್ತರ ಕೊಡಲಿ, ನ್ಯಾಕ್‌ನವರಾದರೂ ಕೊಡಲಿ. ಬ್ಯಾನರ್ ಹಿಡಿದ ಹುಡುಗಿಯರಿಗೆ ಒಂದು ಫೋನ್ ಮಾಡಿ ಕೇಳಿ, ಅವತ್ತು ನಿಮಗೆ ಏನು ಸಿಕ್ಕಿತು ಅಂತ.

ಈ ವಾರ ಮತ್ತೆ ಡ್ರೈವ್ ಇದೆಯಂತೆ. ಫೈನಲ್ ಇಯರ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ಇಷ್ಟು ವರ್ಷ ಕೆಲಸ ಬಿಡಲ್ಲ ಅಂತ ಬಾಂಡ್ ಬರೆದುಕೊಡಿ ಅಂತ ಕೇಳಿದರೆ ಅಲ್ಲೇ ಸೈನ್ ಹಾಕಬೇಡಿ, ಫೋಟೊ ಹೊಡೆದು ನನಗೆ ಕಳಿಸಿ. ರಾತ್ರಿ ಒಂಬತ್ತರ ಮೇಲೆ ಫ್ರೀ ಇರುತ್ತೇನೆ, ಓದಿ ಹೇಳುತ್ತೇನೆ.